ಬಾನಿಯಲ್ಲಿ ಕೂತವಳು

ಆ ಊರಿನ ಕೂಲಿಯವರು ಯಾರೂ ‘ಸಾಕು’ ಅನ್ನುತ್ತಿರಲಿಲ್ಲ. ಅಂಬಲಿ ಬಡಿಸುವಾಗ ಹೊಟ್ಟೆ ತುಂಬಿದರೆ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಮಕ್ಕಳು ಆಟದ ಭರದಲ್ಲಿ ಆ ಮಾತಾಡಿಬಿಟ್ಟರೆ ತಾಯಂದಿರು ಬಾಯಿಗೇ ಬಾರಿಸುತ್ತಿದ್ದರು. ಹೆರಿಗೆ ನೋವಿನಲ್ಲೂ ಹೆಂಗಸರು ಅಮ್ಮನನ್ನು ಕೂಗುತ್ತಿದ್ದರು, ದೇವರನ್ನು ಬಯ್ಯುತ್ತಿದ್ದರು, ಸಾಕು ಮಾತ್ರ ಅನ್ನುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಅದು ಬರೀ ಮಾತು. ಆ ಊರಿನಲ್ಲಿ ಅದು ಕಾನೂನು.

ಎಂದೋ ಒಂದು ಕಾಲದಲ್ಲಿ ಆ ಊರನ್ನಾಳಿದ ರಾಣಿಯೊಬ್ಬಳು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮಾಡಿದ್ದಳು. ದುಡಿಯುವವರಿಗೆ ಎಷ್ಟು ಬೇಕು ಅನ್ನುವುದನ್ನು ದುಡಿಸಿಕೊಳ್ಳುವವರು ಹೇಳಬಾರದು, ದುಡಿಯುವವರೇ ಹೇಳಲಿ ಎಂದಳು. ನ್ಯಾಯದ ಚಾವಡಿಯ ನಡುವೆ ಕರಿಕಲ್ಲಿನ ಬಾನಿಯೊಂದನ್ನು ಕೊರೆಸಿದಳು. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತರೆ ಕುತ್ತಿಗೆಯಿಂದ ಮೇಲೆ ಮಾತ್ರ ಕಾಣುವಷ್ಟು ಆಳದ ಬಾನಿ. ಕೂಲಿಯವರಲ್ಲಿ ಒಬ್ಬರು ಅದರಲ್ಲಿ ಕೂರಬೇಕು. ಮೇಲಿಂದ ರಾಗಿ ಸುರಿಯಬೇಕು. ಕೂತವರು ಸಾಕು ಎಂದಾಗ ಸುರಿಯುವುದು ನಿಲ್ಲಬೇಕು. ಆಗ ಬಾನಿಯಲ್ಲಿ ಎಷ್ಟು ರಾಗಿ ನಿಂತಿದೆಯೋ ಅಷ್ಟು, ಊರಿನ ಪ್ರತಿಯೊಬ್ಬ ಕೂಲಿಯವನಿಗೂ ಕೂಲಿಯವಳಿಗೂ ತಿಂಗಳ ಪಡಿ. ಅದಕ್ಕಿಂತ ಒಂದು ಕಾಳು ಕಡಿಮೆ ಕೊಟ್ಟವನು ಊರಿಗೇ ಶತ್ರು.

ರಾಣಿ ಸತ್ತಳು. ಅವಳ ಹೆಸರೂ ಸತ್ತಿತು. ಬಾನಿ ಉಳಿಯಿತು.

ಹಿಂದಿನ ಸಲ ಅದರಲ್ಲಿ ಕೂತವನು ಒಬ್ಬ ಮುದುಕ. ಅಂದು ಬಿಸಿಲಲ್ಲಿ ಹರವಿ ಕಾಯಿಸಿದ ರಾಗಿಯನ್ನು ತಂದು ಸುರಿದಿದ್ದರು. ತೊಡೆ ಸುಟ್ಟು ಮುದುಕ ಸಾಕು ಸಾಕು ಎಂದು ಕಿರುಚಿದ. ರಾಗಿ ಆಗಿನ್ನೂ ಅವನ ಉಡಿದಾರವನ್ನು ಮುಟ್ಟಿರಲಿಲ್ಲ. “ಉರಿಗೆ ಅಂದದ್ದು ಸ್ವಾಮಿ, ರಾಗಿಗೆ ಅಂದದ್ದಲ್ಲ” ಎಂದು ಅವನು ನ್ಯಾಯಗಾರರ ಕಾಲು ಹಿಡಿದ. ನ್ಯಾಯಗಾರರು ಮೃದುವಾದ ಮನುಷ್ಯ. ಅವರ ಕಣ್ಣಲ್ಲೂ ನೀರು ಬಂತು. “ಸಾಕು ಅಂದರೆ ನಿಲ್ಲಿಸಬೇಕು ಅಂತ ಕಾನೂನಿನಲ್ಲಿದೆ ಅಪ್ಪಾ. ಯಾತಕ್ಕೆ ಸಾಕು ಅಂತ ಕೇಳಬೇಕು ಅಂತಿಲ್ಲ” ಎಂದರು. ಅಂದಿನಿಂದ ಊರು ಉಡಿದಾರದ ಕೆಳಗಿನ ಪಡಿಯಲ್ಲಿ ಬದುಕುತ್ತಿತ್ತು. ಮುದುಕ ಎದುರಿಗೆ ಬಂದರೆ ಜನ ಆ ಕಡೆ ತಿರುಗಿ ಉಗುಳುತ್ತಿದ್ದರು.

ಊರಿಗೆ ಇದ್ದದ್ದು ಒಂದೇ ಕೆಲಸ, ಉಪ್ಪು. ಕಣ್ಣು ಹಾಯುವಷ್ಟು ದೂರ ಒಡೆಯನ ಆಗರಗಳು, ಉಪ್ಪು ಬೆಳೆಯುವ ಗದ್ದೆಗಳು. ಉಪ್ಪುನೀರು ಒಣಗಿ ಬೆಳ್ಳಗಾಗುವುದು, ಕೂಲಿಯವರು ಮರದ ಗೋರೆ ಹಿಡಿದು ಉಪ್ಪನ್ನು ಬದುವಿಗೆ ಎಳೆಯುವುದು, ಹೊರುವವರು ಬುಟ್ಟಿ ತುಂಬಿ ಒಯ್ಯುವುದು. ಕಾಲಿನ ಬಿರುಕು ಯಾರಿಗೂ ಮಾಯುತ್ತಿರಲಿಲ್ಲ. ಋತುವಿಗೊಮ್ಮೆ ಹೊಸ ಪಡಿ ಗೊತ್ತುಮಾಡುವ ಕಾಲ ಬಂದಾಗ ಎಲ್ಲರೂ ತಮ್ಮ ತಮ್ಮ ಗೋರೆಗಳನ್ನು ಬದುವಿನ ಮೇಲೆ ಸಾಲಾಗಿ ನೆಟ್ಟು ದೂರ ನಿಲ್ಲುತ್ತಿದ್ದರು. ಕಡಲ ಕಡೆಯಿಂದ ಒಂದು ಬಿಳಿ ಹಕ್ಕಿ ಬರುತ್ತಿತ್ತು. ಅದು ಯಾರ ಗೋರೆಯ ಮೇಲೆ ಕೂತಿತೋ ಅವರು ಬಾನಿಗೆ.

ಈ ಸಲ ಹಕ್ಕಿ ಕೂತದ್ದು ಒಬ್ಬ ಹೆಂಗಸಿನ ಗೋರೆಯ ಮೇಲೆ. ಗಂಡ ತೀರಿಕೊಂಡವಳು, ಮನೆಯಲ್ಲಿ ಹಲ್ಲಿಲ್ಲದ ಅತ್ತೆ, ಎದೆಯೆತ್ತರ ಬೆಳೆದ ಮಗಳು. ಆ ಊರಲ್ಲಿ ಕೂಲಿಯವರಿಗೆ ಕೆಲಸವೇ ಹೆಸರು; ಅವಳು ಉಪ್ಪು ಗೋರುವವಳು, ಗೋರುವವಳು ಎಂದೇ ಕರೆಯುತ್ತಿದ್ದರು. ಹಕ್ಕಿ ಹಾರಿಹೋದ ಮೇಲೆ ಜನರೆಲ್ಲ ಅವಳ ಸುತ್ತ ನೆರೆದರು. ಕೂಲಿಯವರ ಮುಖಂಡ ಅವಳ ಹೆಗಲ ಮೇಲೆ ಕೈಯಿಟ್ಟು ಹೇಳಿದ: “ತಂಗೀ, ನಿನ್ನ ಬಾಯಿ ಈಗ ನಿನ್ನದಲ್ಲ. ನಮ್ಮೆಲ್ಲರದು.”

ಅವಳು ಮನೆಗೆ ಬಂದು ಅತ್ತೆಯ ಮುಂದೆ ಕೂತಳು. “ಅತ್ತೇ, ಎಲ್ಲಿಗೆ ಬಂದಾಗ ಅನ್ನಲಿ?”

ಅತ್ತೆ ಎದ್ದು ಬಂದು ಸೊಸೆಯ ಮೈಮೇಲೆ ಅಂಗೈ ಅಡ್ಡ ಇಟ್ಟಳು. ಮೊದಲು ಸೊಂಟದ ಹತ್ತಿರ. “ಇಲ್ಲಿವರೆಗೆ ನಿನ್ನೊಬ್ಬಳ ಹಸಿವು.” ಅಂಗೈ ಮೇಲೆ ಸರಿಸಿದಳು. “ಇಲ್ಲಿಗೆ ನನ್ನದೂ ಹುಡುಗೀದೂ.” ಪಕ್ಕೆಯ ಮೇಲೆ ತಂದಳು. “ಇದು ಸೀರೆ, ಸೂರು, ದೀಪದ ಎಣ್ಣೆ. ಇದು ಜ್ವರ ಬಂದು ಮಲಗಿದ ದಿನಕ್ಕೆ.” ಕಡೆಗೆ ಎದೆಗೂಡಿನ ನಡುವೆ ನಿಲ್ಲಿಸಿದಳು. “ಇಷ್ಟಿದ್ದರೆ ಮನೆಗೆ ಯಾರಾದರೂ ಬಂದಾಗ ಉಣ್ಣಿ ಅಂತ ಬಾಯಿ ತುಂಬ ಹೇಳಬಹುದು. ಇದರ ಕೆಳಗೆ ದನ ಬದುಕುತ್ತೆ ಕಣವ್ವಾ. ಇಲ್ಲಿಂದ ಮನುಷ್ಯರು.”

“ಇನ್ನೂ ಸ್ವಲ್ಪ ಮೇಲೆ?”

“ಬೇಡ. ಅದು ದುರಾಸೆ. ಇಲ್ಲಿಗೆ ಬಂದ ಕೂಡಲೇ ಅಂದುಬಿಡು. ಇಲ್ಲಿಗೆ ಬರೋ ತನಕ ಜೀವ ಹೋದರೂ ಅನ್ನಬೇಡ.” ಅಂಗೈ ತೆಗೆದು ಮತ್ತೆ ಹೇಳಿದಳು: “ನಡುವೆ ನಾನೇ ಸತ್ತರೂ ನನ್ನ ಪಾಲು ಇಳಿಸಬೇಡ. ಬೇರೆಯವರ ಮನೇಲೂ ಮುದುಕಿಯರಿದ್ದಾರೆ.”

ಬೆಳಿಗ್ಗೆ ಅವಳು ಮಿಂದು ಚಾವಡಿಗೆ ಹೋದಳು. ನಡುವಿನ ಪೀಠದಲ್ಲಿ ನ್ಯಾಯಗಾರರು, ಬಲಕ್ಕೆ ಒಡೆಯ, ಎಡಕ್ಕೆ ಮುಖಂಡ. ಕಾನೂನಿನ ಪ್ರಕಾರ ಮೂವರಿಗೂ ಒಂದೇ ಎತ್ತರದ ಪೀಠ. ಆದರೆ ಒಡೆಯ ಪಕ್ಕಕ್ಕೆ ಬಾಗಿದರೆ ಅವನ ಬಾಯಿ ನ್ಯಾಯಗಾರರ ಕಿವಿಗೆ ಬರುತ್ತಿತ್ತು. ಮುಖಂಡನ ಪೀಠ ಒಂದು ಕಂಬದ ಆಚೆ ಇತ್ತು.

ಅವಳು ಬಾನಿಗೆ ಇಳಿದು ಕೂತಳು. ಕಲ್ಲು ತಣ್ಣಗಿತ್ತು. ಸುರಿಯುವವನು ಕೊಳಗ ತುಂಬಿ ರಾಗಿ ಸುರಿಯತೊಡಗಿದ. ರಾಗಿ ಸರಸರನೆ ಅವಳ ಮೊಣಕಾಲುಗಳ ಸುತ್ತ ಹರಿಯಿತು, ತೊಡೆ ಮುಚ್ಚಿತು, ಸೊಂಟಕ್ಕೆ ಬಂತು. ಹೊರಗೆ ಬಯಲಲ್ಲಿ ನಿಂತ ಜನ ಉಸಿರು ಬಿಗಿಹಿಡಿದರು. ರಾಗಿ ಮುದುಕನ ಮಟ್ಟವನ್ನು ದಾಟಿತು. ಹೊಕ್ಕುಳನ್ನು ಮುಚ್ಚಿತು. ಅಷ್ಟು ರಾಗಿಯನ್ನು ಅವಳು ಹುಟ್ಟಿದಂದಿನಿಂದ ಮುಟ್ಟಿರಲಿಲ್ಲ. ಕೈಯೊಳಗೆ ಅದು ಜಾರುವಾಗ ನಗು ಬಂತು.

ಒಡೆಯ ಪಕ್ಕಕ್ಕೆ ಬಾಗಿದ. “ಧೂಳೇಳುತ್ತಿದೆ ಸ್ವಾಮಿ. ಆ ಹೆಂಗಸಿಗೆ ಉಸಿರು ಕಟ್ಟೀತು. ಸ್ವಲ್ಪ ಸಣ್ಣಗೆ ಸುರಿಯಲಿ.”

ನ್ಯಾಯಗಾರರಿಗೆ ಅದು ಕರುಣೆಯ ಮಾತಾಗಿಯೇ ಕೇಳಿಸಿತು. ಆಗಲಿ ಎಂದರು. ಸುರಿಯುವವನು ಕೊಳಗ ಕೆಳಗಿಟ್ಟು ಒಂದು ತೆಂಗಿನ ಚಿಪ್ಪು ತೆಗೆದುಕೊಂಡ. ಚಿಪ್ಪಿನ ತಳದಲ್ಲಿ ಒಂದು ತೂತು. ತೂತಿನಿಂದ ರಾಗಿ ನೂಲಿನಂತೆ ಇಳಿಯತೊಡಗಿತು. ಇಳಿದೇ ಇಳಿಯಿತು. ಪಕ್ಕೆಯ ಕೆಳಗಿನ ಎಲುಬಿಗೆ ಬಂದು ಅಲ್ಲಿಂದ ಮೇಲೇರುವಂತೆ ಕಾಣಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯಿತು. ಗಂಟೆಯ ಹೊತ್ತಿಗೆ ಸಾಕು ಅನ್ನದಿದ್ದರೆ ಬಾನಿಯನ್ನು ಬರಿದು ಮಾಡಿ ಮಾರನೆಯ ದಿನ ಮೊದಲಿಂದ ಸುರಿಯಬೇಕು, ಅದೂ ಕಾನೂನು. ಆಳುಗಳು ಬಂದು ರಾಗಿ ಬಾಚಿದರು. ಅವಳ ಸೀರೆಯ ನೆರಿಗೆ ಕೊಡವಿದರು, ಜಡೆಯಲ್ಲಿ ಸಿಕ್ಕಿದ್ದ ಕಾಳುಗಳನ್ನು ಬಾಚಣಿಗೆಯಿಂದ ತೆಗೆದರು. ಅದು ನ್ಯಾಯದ ರಾಗಿ, ಒಂದು ಕಾಳೂ ಹೊರಗೆ ಹೋಗುವಂತಿಲ್ಲ. ಅವಳೂ ಹೋಗುವಂತಿಲ್ಲ. ತೀರ್ಮಾನವಾಗುವ ತನಕ ಚಾವಡಿಯ ಮೂಲೆಯ ಚಾಪೆಯೇ ಅವಳ ಮನೆ.

ಮಾರನೆಯ ದಿನ ಮೊದಲಿಂದಲೇ ಚಿಪ್ಪು. ರಾಗಿ ಸೊಂಟ ಮುಟ್ಟುವ ಹೊತ್ತಿಗೆ ಗಂಟೆ ಹೊಡೆಯಿತು. ಅದರ ಮಾರನೆಯ ದಿನ ಚಿಪ್ಪಿನ ತೂತು ಇನ್ನೂ ಸಣ್ಣದಾಗಿತ್ತು.

“ಸ್ವಾಮೀ,” ಎಂದಳು ಅವಳು ಬಾನಿಯೊಳಗಿಂದ. “ನಾನು ಅನ್ನೋದಿಲ್ಲ ಅಂತ ಹಟ ಮಾಡ್ತಿಲ್ಲ. ಅನ್ನೋ ಜಾಗಕ್ಕೆ ರಾಗಿ ಬರ್ತಾ ಇಲ್ಲ. ಬೇಗ ಸುರಿಯೋಕೆ ಹೇಳಿ.”

ನ್ಯಾಯಗಾರರು ಯೋಚಿಸಿದರು. ಹಳೆಯ ಓಲೆಗಳನ್ನು ತರಿಸಿ ಓದಿದರು. “ಸುರಿಯಬೇಕು ಅಂತಿದೆ ಅಮ್ಮಾ. ಎಷ್ಟು ಬೇಗ ಅಂತ ರಾಣಿ ಹೇಳಿಲ್ಲ” ಎಂದರು. ಅವರ ದನಿಯಲ್ಲಿ ನಿಜವಾದ ದುಃಖವಿತ್ತು.

ಕಂಬದ ಆಚೆಯಿಂದ ಮುಖಂಡ ಏನೋ ಕೂಗಿದ. ಅದು ಕಂಬಕ್ಕೇ ಕೇಳಿಸಿತು.

ಇತ್ತ ಊರಲ್ಲಿ ಕೆಲಸವೂ ಪಡಿಯೂ ನಿಂತವು. ಒಡೆಯ ಬಯಲಿಗೆ ಬಂದು ಜನರೆದುರು ಕೈಮುಗಿದು ಹೇಳಿದ: “ಹಳೇ ಪಡಿ ತೀರಿಹೋಯ್ತು. ಹೊಸದು ಹುಟ್ಟಲಿಲ್ಲ. ಗೊತ್ತಾಗದೇ ಇರೋ ಪಡೀನ ಹೇಗೆ ಅಳೆಯಲಿ? ಕಾನೂನು ಮೀರೋಕಾಗುತ್ತಾ? ಆಯಮ್ಮ ಒಂದು ಮಾತು ಅಂದರೆ ಈಗಲೇ ಕಣಜದ ಬಾಗಿಲು ತೆಗೀತೀನಿ.” ಜನ ಚಾವಡಿಯ ಕಡೆ ತಿರುಗಿ ನೋಡಿದರು. ಅಲ್ಲಿಂದ ಅವರಿಗೆ ಚಿಪ್ಪಿನ ತೂತು ಕಾಣುತ್ತಿರಲಿಲ್ಲ. ರಾಗಿಯಲ್ಲಿ ಮುಳುಗಿ ಕೂತ ಹೆಂಗಸೊಬ್ಬಳು ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಕಾಣುತ್ತಿತ್ತು.

ಮೊದಮೊದಲು ಅವರು ದೂರದಿಂದಲೇ ಕೈಯೆತ್ತಿ ಧೈರ್ಯ ಹೇಳಿದರು. ಆಮೇಲೆ ಕೈ ಇಳಿಯಿತು. ಆಮೇಲೆ ಒಬ್ಬೊಬ್ಬರಾಗಿ ಅವಳ ಚಾಪೆಯ ಹತ್ತಿರ ಬಂದರು. ಮುಖಂಡನೇ ಮೊದಲು ಬಂದ. “ತಂಗೀ, ಸೊಂಟಕ್ಕೆ ಬಂದಾಗ ಅಂದುಬಿಡು. ಹಿಂದಿನದಕ್ಕಿಂತ ನಾಲ್ಕು ಬೆರಳು ಮೇಲೇ ಅಲ್ವಾ? ಅದನ್ನೇ ಗೆಲುವು ಅಂತ ಸಾರಿಸ್ತೀನಿ.”

“ಅದು ನನ್ನೊಬ್ಬಳ ಹಸಿವು ಅಣ್ಣಾ” ಎಂದಳು ಅವಳು.

“ಊರು ಹಸಿದಿದೆ, ನೀನು ಲೆಕ್ಕ ಹೇಳ್ತೀಯಲ್ಲ” ಎಂದು ಅವನು ಸಿಟ್ಟಾಗಿ ಹೋದ.

ಒಂದು ದಿನ ಆ ಮುದುಕ ಬಂದು ಚಾಪೆಯ ಅಂಚಿನಲ್ಲಿ ಕೂತ. ಏಳುವಾಗ ಹೇಳಿದ: “ನಾನು ಅಂದೆ ಅಂತ ನನಗೆ ಉಗುಳಿದರು. ನೀನು ಅನ್ನಲಿಲ್ಲ ಅಂತ ನಿನಗೆ ಉಗುಳ್ತಾರೆ. ನೀನು ಮಾತ್ರ ನೋಯಬೇಡ ಮಗಳೇ. ಬಾಯಿ ಒಣಗಿದವರು ಅವರು, ಉಗುಳೋದಕ್ಕೂ ಕಷ್ಟಪಡ್ತಿದ್ದಾರೆ.”

ಅತ್ತೆ ದಿನವೂ ಅಂಬಲಿ ತರುತ್ತಿದ್ದಳು. ಅಂಬಲಿ ನೀರಾಯಿತು. ನೀರು ತಿಳಿಯಾಯಿತು. ಅವಳು ರಾಗಿಯಲ್ಲಿ ಹೂತು ಕೂತು ಹಸಿವಿನಿಂದ ತೂಗಾಡುತ್ತಿದ್ದಳು; ನಾಲಿಗೆ ಚಾಚಿದರೆ ತಾಕುವಷ್ಟು ಹತ್ತಿರ ಚಿಪ್ಪಿನಿಂದ ರಾಗಿಯ ಎಳೆ ಇಳಿಯುತ್ತಿತ್ತು. ಒಮ್ಮೆ ಚಾಚಿಯೂ ಚಾಚಿದಳು. ನಾಲಿಗೆಗೆ ಅಂಟಿದ ಕಾಳುಗಳನ್ನು ಆಳೊಬ್ಬ ಒದ್ದೆ ಬಟ್ಟೆಯಿಂದ ಒರೆಸಿ ಬಾನಿಗೆ ಹಾಕಿದ. ಒರೆಸುವಾಗ ಅವನು ಅವಳ ಮುಖ ನೋಡಲಿಲ್ಲ.

ಆಮೇಲೊಂದು ದಿನ ಅತ್ತೆಯ ಬದಲು ಮಗಳು ಬಂದಳು. ಕೈಯಲ್ಲಿ ಮಡಕೆ ಇರಲಿಲ್ಲ.

“ಅಜ್ಜಿ ಏಳಲಿಲ್ಲ” ಎಂದಳು.

ತಾಯಿ ಬಾನಿಯೊಳಗೆ ಕೂತೇ ಕೇಳಿಸಿಕೊಂಡಳು. ಏಳುವಂತಿರಲಿಲ್ಲ, ರಾಗಿ ಸುರಿಯುತ್ತಿತ್ತು. ಕೈಯೆತ್ತಿ ಮಗಳ ತಲೆ ಮುಟ್ಟಲು ನೋಡಿದಳು, ಕೈ ರಾಗಿಯೊಳಗೆ ಹೂತಿತ್ತು. ಒಡೆಯ ಪೀಠದಿಂದ ಬಾಗಿ ಮೆಲ್ಲಗೆ ಹೇಳಿದ: “ತುಂಬ ನೋವಿನ ವಿಷಯ ಸ್ವಾಮಿ. ಆದರೂ ಆ ಮನೆಯಲ್ಲಿ ಒಂದು ಬಾಯಿ ಕಡಿಮೆಯಾಯ್ತಲ್ಲ, ಆಯಮ್ಮ ಕಾಯೋ ಮಟ್ಟ ಇಳೀಬೇಕಲ್ವೇ?” ನ್ಯಾಯಗಾರರು ಕಣ್ಣು ಮುಚ್ಚಿಕೊಂಡರು. ಅವಳು ಮೊದಲ ಸಲ ದನಿಯೆತ್ತಿದಳು. “ಇಳಿಯೋದಿಲ್ಲ. ಅತ್ತೆಯ ಪಾಲು ಅಲ್ಲೇ ಇದೆ. ಕೂಡಿಸಿಯೇ ಕಾಯ್ತೀನಿ.” ಹೊರಗಿನ ಬಯಲಿಂದ ಯಾರೋ ಕಲ್ಲು ಎಸೆದರು. ಅದು ಅವಳಿಗೆ ತಾಕದೆ ಬಾನಿಯ ಅಂಚಿಗೆ ಬಡಿದು ಸದ್ದು ಮಾಡಿತು. ಎಸೆದವನು ಒಡೆಯನ ಆಳಲ್ಲ. ಅವಳ ಪಕ್ಕದ ಬದುವಿನಲ್ಲಿ ಗೋರುತ್ತಿದ್ದವನು.

ಕಡೆಗೆ ಬಂದವಳು ಅವಳ ಜೊತೆಗಾತಿ. ಇಬ್ಬರೂ ಒಂದೇ ಆಗರದಲ್ಲಿ ಗೋರೆ ಹಿಡಿಯಲು ಕಲಿತವರು, ಒಬ್ಬರ ಕಾಲಿನ ಬಿರುಕಿಗೆ ಒಬ್ಬರು ಮೇಣ ಹಚ್ಚಿದವರು. ಜೊತೆಗಾತಿ ಸಾಕು ಅನ್ನು ಎಂದು ಕೇಳಲಿಲ್ಲ. ಚಾಪೆಯ ಮೇಲೆ ಕೂತು ಸೆರಗಿನ ತುದಿ ತಿರುವುತ್ತಿದ್ದಳು.

“ಅಕ್ಕಾ, ನಾಳೆಯಿಂದ ನಾನು ಆಗರಕ್ಕೆ ಹೋಗ್ತೀನಿ.”

“ಪಡಿ ಗೊತ್ತಾಗದೆ ಒಡೆಯ ಕೆಲಸ ಕೊಡೋ ಹಾಗಿಲ್ಲ ಕಣೇ.”

“ಕೆಲಸಕ್ಕಲ್ಲ. ನೆಂಟಳಾಗಿ ಹೋಗ್ತೀನಿ.” ಅವಳು ತಲೆಯೆತ್ತಲಿಲ್ಲ. “ಒಡೆಯ ಎಲ್ಲರನ್ನೂ ಕರೆದು ಹೇಳಿದ. ಕೂಲಿಯವರಿಗಾದರೆ ಕಾನೂನು ಅಡ್ಡ ಬರುತ್ತೆ, ನೆಂಟರಿಗೆ ಬರಲ್ಲ. ನನ್ನ ಮನೆ ನೆಂಟರಾಗಿ ಬನ್ನಿ, ಬೇಜಾರಾದಾಗ ನಾಲ್ಕು ಗೋರೆ ಉಪ್ಪು ಎಳೀರಿ, ಹೋಗುವಾಗ ಪ್ರೀತಿಯಿಂದ ಒಂದು ಹಿಡಿ ರಾಗಿ ಕೊಟ್ಟು ಕಳಿಸ್ತೀನಿ ಅಂದ. ಎಲ್ಲರೂ ಒಪ್ಪಿದರು. ನಿನ್ನ ಮಗಳನ್ನೂ ಕರಕೊಂಡು ಹೋಗ್ತೀನಿ. ನನ್ನ ಹತ್ತಿರಾನೇ ಇದ್ದಾಳೆ.”

“ಒಂದು ಹಿಡಿ ಯಾರ ಕೈಯಲ್ಲಿ?”

“ಅವನ ಕೈಯಲ್ಲಿ” ಎಂದಳು ಜೊತೆಗಾತಿ. ಏಳುವ ಮೊದಲು ಅವಳ ಪಾದವನ್ನು ಮಡಿಲಿಗೆ ಎಳೆದುಕೊಂಡು ನೋಡಿದಳು. ಇಷ್ಟು ದಿನ ಉಪ್ಪು ಮುಟ್ಟದೆ ಬಿರುಕುಗಳೆಲ್ಲ ಮಾಯ್ದಿದ್ದವು. ಅದನ್ನು ಕಂಡು ಅವಳಿಗೆ ಏನನ್ನಿಸಿತೋ, ಪಾದವನ್ನು ಕೆಳಗಿಟ್ಟು ಹೊರಟುಹೋದಳು.

ಬಯಲು ಖಾಲಿಯಾಯಿತು. ದೂರದಲ್ಲಿ ಗೋರೆಗಳ ಕರಕರ ಮತ್ತೆ ಕೇಳತೊಡಗಿತು. ಒಡೆಯನ ಪೀಠ ಖಾಲಿ. ಅವನಿಗೆ ನೆಂಟರ ಉಪಚಾರವಿತ್ತು. ಮುಖಂಡನ ಪೀಠ ಖಾಲಿ. ಅವನು ನೆಂಟರಲ್ಲಿ ಹಿರಿಯನಾಗಿದ್ದ. ನ್ಯಾಯಗಾರರು ಮಾತ್ರ ದಿನವೂ ಬಂದು ಕೂತರು. ಸುರಿಯುವವನೂ ಬಂದ. ಯಾರೂ ನೋಡದ ಮೇಲೆ ಅವನಿಗೆ ಚಿಪ್ಪು ಹಿಡಿದು ನಿಲ್ಲುವುದು ಬೇಸರವಾಯಿತು. ಒಂದು ಬೆಳಿಗ್ಗೆ ಅವನು ಆಕಳಿಸಿ, ಚಿಪ್ಪನ್ನು ಮೂಲೆಗೆ ಎಸೆದು, ಕೊಳಗ ತುಂಬಿ ತುಂಬಿ ಸುರಿದ.

ರಾಗಿ ಸೊಂಟ ದಾಟಿತು. ಹೊಕ್ಕುಳು ದಾಟಿತು. ಪಕ್ಕೆಯ ಎಲುಬುಗಳನ್ನು ಒಂದೊಂದಾಗಿ ಮುಚ್ಚಿತು. ಈಗ ಅವಳ ಎಲುಬುಗಳು ಎಣಿಸಲು ಬರುವಂತಿದ್ದವು. ರಾಗಿ ಎದೆಗೂಡಿನ ನಡುವೆ, ಅತ್ತೆಯ ಅಂಗೈ ನಿಂತಿದ್ದ ಜಾಗಕ್ಕೆ ಬಂತು.

“ಸಾಕು” ಎಂದಳು ಅವಳು.

ಅಷ್ಟು ದಿನ ತಡೆಹಿಡಿದಿದ್ದ ಮಾತು ಬಹಳ ಸಣ್ಣಗೆ ಬಂತು. ನ್ಯಾಯಗಾರರು ಎದ್ದು ನಿಂತರು. “ರಾಣಿಯ ಕಾಲದಿಂದ ಇಷ್ಟು ಎತ್ತರಕ್ಕೆ ಯಾರೂ ಬಂದಿಲ್ಲ. ಇದು ಮನುಷ್ಯರ ಪಡಿ. ಇದೇ ಇನ್ನು ಈ ಊರಿನ ಕಾನೂನು” ಎಂದು ಸಾರಿದರು. ಡಂಗುರದವನು ಖಾಲಿ ಬಯಲಿಗೆ ಸಾರಿದ. ನ್ಯಾಯಗಾರರು ತಾವೇ ಕೈ ಹಿಡಿದು ಅವಳನ್ನು ಬಾನಿಯಿಂದ ಎತ್ತಿದರು. ಆಳುಗಳು ಬಂದು ಅವಳ ನೆರಿಗೆ ಕೊಡವಿ, ಜಡೆ ಬಾಚಿ, ಕಾಳುಗಳನ್ನು ತೆಗೆದುಕೊಂಡು ಕಳಿಸಿದರು.

ಅವಳು ನೆಟ್ಟಗೆ ಆಗರಕ್ಕೆ ನಡೆದಳು. ಬಿಸಿಲಿಗೆ ಉಪ್ಪು ಕಣ್ಣು ಕುಕ್ಕುತ್ತಿತ್ತು. ಎಲ್ಲರೂ ಬಾಗಿ ಗೋರುತ್ತಿದ್ದರು. ಮಗಳೂ ಇದ್ದಳು, ಅಜ್ಜಿಯ ಹಳೆಯ ಗೋರೆ ಹಿಡಿದು. ಬದುವಿನ ಮೇಲೆ ಒಡೆಯನ ಮೇಸ್ತ್ರಿ ಕೊಡೆ ಹಿಡಿದು ನಿಂತಿದ್ದ.

“ಪಡಿ ಗೊತ್ತಾಯ್ತು,” ಎಂದಳು ಅವಳು. “ಎದೆಗೂಡಿನ ಮಟ್ಟ.”

“ಕೇಳಿದೆ ಕಣಮ್ಮ, ಡಂಗುರ. ಒಳ್ಳೇದಾಯ್ತು. ಕೂಲಿಯವರು ಯಾರಾದರೂ ಬಂದರೆ ಒಡೆಯರು ಅಷ್ಟೇ ಕೊಡ್ತಾರೆ. ಒಂದು ಕಾಳು ಕಡಿಮೆ ಮಾಡಲ್ಲ.” ಅವನು ಸುತ್ತ ಕೈ ಬೀಸಿದ. “ಇವರೆಲ್ಲ ನೆಂಟರು.”

“ನಾನು ಕೂಲಿಯವಳು.”

“ಕೂಲಿಯವರ ಕೆಲಸ ಇಲ್ಲವಲ್ಲ ತಾಯೀ. ನೆಂಟರೇ ಎಲ್ಲಾ ಮಾಡಿಬಿಡ್ತಾರೆ.”

ಜೊತೆಗಾತಿ ಗೋರುತ್ತಲೇ ಹತ್ತಿರ ಬಂದು, ತಲೆಯೆತ್ತದೆ ಪಿಸುಗುಟ್ಟಿದಳು: “ನೆಂಟಳು ಅಂದುಬಿಡಕ್ಕಾ. ಒಂದು ಮಾತು ತಾನೇ. ಸಂಜೆಗೆ ಒಂದು ಹಿಡಿ ಸಿಗುತ್ತೆ.”

ಅವಳು ಅನ್ನಲಿಲ್ಲ. ಬದುವಿನ ಮೂಲೆಯಲ್ಲಿ ಬಿದ್ದಿದ್ದ ತನ್ನ ಗೋರೆಯನ್ನು ಎತ್ತಿಕೊಂಡು ಒಂದು ಖಾಲಿ ಆಗರಕ್ಕೆ ಇಳಿದಳು. ಯಾರೂ ಕರೆಯದೆ, ಯಾರೂ ಹೇಳದೆ ಗೋರಿದಳು. ಮಾಯ್ದ ಪಾದಗಳು ಮೊದಲ ದಿನವೇ ಬಿರಿದವು. ಸಂಜೆ ನೆಂಟರೆಲ್ಲ ಸಾಲು ನಿಂತು ಒಡೆಯನ ಹಿಡಿಯನ್ನು ಸೆರಗಿಗೆ ಹಾಕಿಸಿಕೊಂಡು, ನಕ್ಕು, ಹೋಗಿಬರ್ತೀವಿ ಎಂದು ಹೇಳಿ ಹೊರಟರು. ನಗುವುದು ನೆಂಟಸ್ತಿಕೆಯ ಕಟ್ಟಳೆಯಾಗಿತ್ತು. ಅವಳು ಸಾಲಿಗೆ ಹೋಗಲಿಲ್ಲ. ಮನೆಯಲ್ಲಿ ಮಗಳು ತನ್ನ ಹಿಡಿಯನ್ನು ಬೇಯಿಸಿ ಅರ್ಧ ಅವಳ ಮುಂದಿಟ್ಟಳು. ಅವಳು ಉಂಡಳು. ಉಣ್ಣುವಾಗ ಮಗಳ ಮುಖ ನೋಡಲಾಗಲಿಲ್ಲ.

ಹೀಗೆ ದಿನವೂ ಗೋರಿದಳು. ಅವಳ ಬದುವಿನ ಮೇಲೆ ಉಪ್ಪು ರಾಶಿಯಾಗಿ ಏರಿತು. ಊರಲ್ಲೆಲ್ಲ ಅಷ್ಟು ಬಿಳಿಯ ರಾಶಿ ಇನ್ನೊಂದಿರಲಿಲ್ಲ. ಆದರೆ ಹೊರುವವರು ಬಂದರೆ ಅದನ್ನು ಬಳಸಿ ಹೋಗುತ್ತಿದ್ದರು. ಅದರಿಂದ ಒಂದು ಬುಟ್ಟಿ ಎತ್ತಿದರೂ ಅವಳ ದುಡಿಮೆಯನ್ನು ಒಪ್ಪಿದಂತೆ. ಒಪ್ಪಿದರೆ ಎದೆಗೂಡಿನ ಮಟ್ಟದ ಪಡಿ ಅಳೆಯಬೇಕು. ಮೇಸ್ತ್ರಿ ಆ ರಾಶಿಯ ಸುತ್ತ ಹಗ್ಗ ಕಟ್ಟಿಸಿದ. ಒಡೆಯ ದಾರಿಹೋಕರಿಗೆ ಅದನ್ನು ತೋರಿಸಿ, “ನಮ್ಮೂರಲ್ಲಿ ಕಾನೂನಿಗೆ ಎಷ್ಟು ಮರ್ಯಾದೆ ನೋಡಿ” ಅನ್ನುತ್ತಿದ್ದ.

ಮೋಡ ಕಟ್ಟಿತು. ನೆಂಟರು ತಮ್ಮ ರಾಶಿಗಳಿಗೆ ತೆಂಗಿನ ಗರಿ ಹೊದಿಸಿ ಓಡಿದರು. ಅವಳ ರಾಶಿಗೆ ಹೊದಿಸಲು ಏನೂ ಇರಲಿಲ್ಲ. ಸೀರೆಯ ಸೆರಗು ಬಿಚ್ಚಿ ಹರವಿದಳು. ಅದು ಶಿಖರವನ್ನಷ್ಟೇ ಮುಚ್ಚಿತು. ಮಳೆ ಬಂತು. ರಾಶಿಯ ಪಕ್ಕೆಗಳಲ್ಲಿ ಮೊದಲು ಸಣ್ಣ ಗೆರೆಗಳು ಮೂಡಿದವು, ಆಮೇಲೆ ಕಾಲುವೆಗಳಾದವು. ಉಪ್ಪು ಕರಗಿ ಆಗರಕ್ಕೆ ಇಳಿಯಿತು, ಆಗರ ತುಂಬಿ ಕಡಲ ಕಡೆ ಹರಿಯಿತು. ಒಂದು ಋತುವಿನ ದುಡಿಮೆ ಅವಳ ಮೊಣಕಾಲಿನ ಸುತ್ತಲೇ ಹರಿದುಹೋಯಿತು. ಅವಳು ನೋಡುತ್ತ ನಿಂತಳು.

ಅಷ್ಟರಲ್ಲಿ ಬದುವಿನ ಮೇಲೆ ಚಾವಡಿಯ ಸೇವಕ ಕೊಡೆ ಹಿಡಿದು ಬಂದ. ಅವಳನ್ನು ಕಂಡು ನಿರಾಳವಾದವನಂತೆ ನಿಂತ.

“ಅಮ್ಮಾ, ಹೊಸ ಪಡಿ ಗೊತ್ತುಮಾಡೋ ಕಾಲ ಬಂತು. ಬಾನಿಯಲ್ಲಿ ಕೂರೋಕೆ ಕೂಲಿಯವರೊಬ್ಬರು ಬೇಕು. ಊರೆಲ್ಲ ಹುಡುಕಿದೆ. ನಿಮ್ಮನ್ನು ಬಿಟ್ಟರೆ ಕೂಲಿಯವರೇ ಇಲ್ಲ. ನ್ಯಾಯಗಾರರು ಕಾಯ್ತಿದ್ದಾರೆ.”

ಅವಳು ಒದ್ದೆ ಸೆರಗನ್ನು ಎಳೆದು ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೋರೆಯನ್ನು ಕೈಗೆ ತೆಗೆದುಕೊಂಡಳು.

“ನಾನು ಬರಲ್ಲ ಅಪ್ಪಾ. ನನಗಿಲ್ಲಿ ಕೆಲಸ ಇದೆ. ಅವರನ್ನೇ ಇಲ್ಲಿಗೆ ಬರೋಕೆ ಹೇಳು. ಇಲ್ಲೇ ನಿಂತು ನೋಡಲಿ, ಇಲ್ಲೇ ಅಳೆಯಲಿ.”

ಸೇವಕ ಆಗರದ ಕಡೆ ನೋಡಿದ. ತನ್ನ ಚಪ್ಪಲಿಯ ಕಡೆ ನೋಡಿದ.

“ಇಲ್ಲಿ ಕೆಸರಿದೆಯಲ್ಲಮ್ಮ” ಎಂದ. ಪಂಚೆಯ ಅಂಚನ್ನು ಎತ್ತಿ ಹಿಡಿದು, ಕಲ್ಲಿಂದ ಕಲ್ಲಿಗೆ ಕಾಲಿಡುತ್ತ ಹಿಂದಿರುಗಿ ಹೋದ.